ಸೋಷಿಯಲೈಟ್ ಒಬ್ಬರ ವ್ಯಕ್ತಿಚಿತ್ರವನ್ನು ಕನ್ನಡದಲ್ಲಿ ಬರೆಯುವ ಬಗೆ: ಆಲ್ವಾ ಬೆಲ್ಮಾಂಟ್ ಅವರನ್ನು ಮುಂದಿಟ್ಟುಕೊಂಡು

ಅಮೆರಿಕದ ಸಿರಿವಂತ ಮನೆತನದ ಹೆಣ್ಣುಮಗಳೊಬ್ಬಳ ಬದುಕನ್ನು ಕನ್ನಡದಲ್ಲಿ ಬರೆಯಲು ಹೊರಟವರು ಮೊದಲ ಸಾಲಿನ ಒಂದು ಪದದಲ್ಲಿಯೇ ಎಡವುವುದುಂಟು. ‘ಸೋಷಿಯಲೈಟ್’ ಎಂಬುದು ‘ಸಮಾಜವಾದಿ’ ಎಂದೋ ‘ಸಮಾಜಸೇವಕಿ’ ಎಂದೋ ಆಗಿಬಿಟ್ಟರೆ ಇಡೀ ಬರಹ ದಾರಿ ತಪ್ಪುತ್ತದೆ. ಮೊದಲನೆಯದು ಒಂದು ರಾಜಕೀಯ ನಿಲುವು, ಎರಡನೆಯದು ಬೇರೆಯೇ ಕೆಲಸ. ಇದಕ್ಕೆ ಕನ್ನಡದಲ್ಲಿ ಎಲ್ಲರೂ ಒಪ್ಪಿ ಬಳಸುವ ಪದ ಇನ್ನೂ ರೂಢಿಯಾಗಿಲ್ಲವಾದ್ದರಿಂದ ‘ಸೋಷಿಯಲೈಟ್’ ಎಂದೇ ಬರೆದು, ಸಿರಿವಂತರ ವಲಯದಲ್ಲಿ ಔತಣಕೂಟಗಳನ್ನೂ ಸಮಾರಂಭಗಳನ್ನೂ ನಡೆಸುತ್ತ ಹೆಸರಾದವರು ಎಂದು ಒಮ್ಮೆ ಬಿಡಿಸಿ ಹೇಳುವುದು ಒಳ್ಳೆಯದು. ಈ ಬರಹದಲ್ಲಿ ಉದಾಹರಣೆಗಾಗಿ ಆಲ್ವಾ ಬೆಲ್ಮಾಂಟ್ ಅವರನ್ನು ಆರಿಸಿಕೊಂಡಿದ್ದೇನೆ. 1853ರ ಜನವರಿ 17ರಂದು ಅಲಬಾಮಾ ರಾಜ್ಯದ ಮೊಬೀಲ್ ಪಟ್ಟಣದಲ್ಲಿ ಹುಟ್ಟಿ, 1933ರ ಜನವರಿ 26ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡ ಈಕೆಯ ಎಂಬತ್ತು ವರ್ಷಗಳ ಬಾಳಿನಲ್ಲಿ ಇಂಥ ಬರಹಕ್ಕೆ ಎದುರಾಗುವ ತೊಡಕುಗಳೆಲ್ಲ ಒಟ್ಟಿಗೆ ಸಿಗುತ್ತವೆ.

ಬರೆಯಲು ಕೂರುವ ಮುನ್ನ ಒಂದು ವಿಷಯವನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಯಾರನ್ನು ಮದುವೆಯಾದರು, ಎಷ್ಟು ಒಡವೆ ತೊಟ್ಟರು, ಯಾವಾಗ ವಿಚ್ಛೇದನವಾಯಿತು ಎಂಬ ಮೂರೇ ಪ್ರಶ್ನೆಗಳನ್ನು ಹಿಡಿದು ಹೋದರೆ ಆ ವ್ಯಕ್ತಿ ಮಾಡಿದ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಆ ಕಾಲದ ಸೋಷಿಯಲೈಟ್ ನಿಜಕ್ಕೂ ಒಂದು ಕೆಲಸ ಮಾಡುತ್ತಿದ್ದರು: ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು, ಯಾವ ವಾಸ್ತುಶಿಲ್ಪಿಗೆ ಮನೆ ಕಟ್ಟಲು ಒಪ್ಪಿಸಬೇಕು, ಪತ್ರಿಕೆಯವರನ್ನು ಯಾವಾಗ ಒಳಗೆ ಬಿಡಬೇಕು ಎಂದು ತೀರ್ಮಾನಿಸಿ, ಸಾವಿರ ಜನರ ಕೂಟವನ್ನು ಲೋಪವಿಲ್ಲದೆ ನಡೆಸುವ ಕೆಲಸ. ಆಲ್ವಾ ಈ ಕೆಲಸವನ್ನು ಮೊದಲು ತಮ್ಮ ಮನೆತನಕ್ಕಾಗಿ ಮಾಡಿದರು, ಆಮೇಲೆ ಹೆಂಗಸರ ಮತದಾನದ ಹಕ್ಕಿಗಾಗಿ ಮಾಡಿದರು. ಅವರ ಬದುಕನ್ನು ಬೆಡಗಿನ ಮೊದಲರ್ಧ, ತ್ಯಾಗದ ಉತ್ತರಾರ್ಧ ಎಂದು ಎರಡು ಹೋಳು ಮಾಡಿ ಬರೆಯುವುದು ಸುಲಭ. ಆದರೆ ಎರಡೂ ಕಡೆ ದುಡಿದ ಕೈ ಒಂದೇ ಎಂಬುದು ಆಗ ಕಾಣದೆ ಹೋಗುತ್ತದೆ.

ಹೆಸರುಗಳಿಂದ ಆರಂಭಿಸಿ

ಆಲ್ವಾ ಅರ್ಸ್ಕಿನ್ ಸ್ಮಿತ್ ಎಂಬುದು ಹುಟ್ಟುಹೆಸರು. 1875ರ ಏಪ್ರಿಲ್ 20ರಂದು ವಿಲಿಯಂ ಕಿಸ್ಸಮ್ ವ್ಯಾಂಡರ್‌ಬಿಲ್ಟ್ ಅವರನ್ನು ಮದುವೆಯಾದ ಮೇಲೆ, ಆ ಕಾಲದ ಪತ್ರಿಕೆಗಳಲ್ಲಿ ಅವರು ‘ಮಿಸೆಸ್ ಡಬ್ಲ್ಯು. ಕೆ. ವ್ಯಾಂಡರ್‌ಬಿಲ್ಟ್’. 1896ರ ಜನವರಿಯಲ್ಲಿ ಆಲಿವರ್ ಹಜಾರ್ಡ್ ಪೆರಿ ಬೆಲ್ಮಾಂಟ್ ಅವರನ್ನು ಮದುವೆಯಾದ ಮೇಲೆ ‘ಮಿಸೆಸ್ ಓ. ಎಚ್. ಪಿ. ಬೆಲ್ಮಾಂಟ್’. ಗಂಡನ ಹೆಸರಿನ ಹಿಂದೆ ಹೆಂಗಸಿನ ಹೆಸರೇ ಮರೆಯಾಗುತ್ತಿದ್ದ ಪದ್ಧತಿ ಇದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಉಚಿತವಾಗಿ ತೆರೆದಿಟ್ಟಿರುವ ಹಳೆಯ ಪತ್ರಿಕೆಗಳ ಡಿಜಿಟಲ್ ಸಂಗ್ರಹದಲ್ಲಿ ‘ಆಲ್ವಾ’ ಎಂದು ಹುಡುಕಿದರೆ ಹೆಚ್ಚೇನೂ ದಕ್ಕುವುದಿಲ್ಲ. ಗಂಡನ ಇನಿಶಿಯಲ್‌ಗಳ ಜೊತೆ ಹುಡುಕಿದರೆ ಪುಟಗಟ್ಟಲೆ ಸಿಗುತ್ತದೆ. ಇದೊಂದನ್ನು ತಿಳಿದುಕೊಂಡರೆ ವಾರಗಟ್ಟಲೆ ಶ್ರಮ ಉಳಿಯುತ್ತದೆ.

ಒಂದೇ ಹೆಸರಿನ ಹಲವರು ಇರುವುದು ಮುಂದಿನ ತೊಡಕು. ಮಾವ ವಿಲಿಯಂ ಹೆನ್ರಿ, ಗಂಡ ವಿಲಿಯಂ ಕಿಸ್ಸಮ್, ಹಿರಿಯ ಮಗ ಎರಡನೆಯ ವಿಲಿಯಂ ಕಿಸ್ಸಮ್. ಗಂಡನ ಅಜ್ಜ ಕಾರ್ನೀಲಿಯಸ್, ಗಂಡನ ಅಣ್ಣನೂ ಕಾರ್ನೀಲಿಯಸ್. 1910ರಲ್ಲಿ ಆಲಿವರ್ ಅವರ ಅಣ್ಣ ಆಗಸ್ಟ್ ಬೆಲ್ಮಾಂಟ್ ಅವರನ್ನು ಮದುವೆಯಾದ ನಟಿ ಎಲಿನಾರ್ ರಾಬ್ಸನ್ ಕೂಡ ಪತ್ರಿಕೆಗಳಲ್ಲಿ ‘ಮಿಸೆಸ್ ಬೆಲ್ಮಾಂಟ್’ ಎಂದೇ ಕಾಣಿಸಿಕೊಳ್ಳುತ್ತಾರೆ, ಅವರೂ ಸಾರ್ವಜನಿಕ ಕೆಲಸಗಳಿಗೆ ಹೆಸರಾದವರು. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಇಬ್ಬರು ಕಾನ್ಸ್ವೇಲೊಗಳ ವಿಷಯದಲ್ಲಿ. ಕಾನ್ಸ್ವೇಲೊ ಇಸ್ನಾಗಾ ಆಲ್ವಾ ಅವರ ಬಾಲ್ಯದ ಗೆಳತಿ, ಇಂಗ್ಲೆಂಡಿನ ಶ್ರೀಮಂತ ವರ್ಗದಲ್ಲಿ ಮದುವೆಯಾಗಿ ಮುಂದೆ ಮ್ಯಾಂಚೆಸ್ಟರ್ ಡಚೆಸ್ ಆದವರು. ಕಾನ್ಸ್ವೇಲೊ ವ್ಯಾಂಡರ್‌ಬಿಲ್ಟ್ ಆಲ್ವಾ ಅವರ ಮಗಳು, ಆ ಗೆಳತಿಯ ಹೆಸರನ್ನೇ ಇಟ್ಟುಕೊಂಡು ಮುಂದೆ ಮಾರ್ಲ್‌ಬರೊ ಡಚೆಸ್ ಆದವರು. 1883ರ ಪ್ರಸಿದ್ಧ ನೃತ್ಯಕೂಟ ನಡೆದದ್ದು ಗೆಳತಿಯ ಗೌರವಾರ್ಥ. ಮೊದಲ ಸಲ ಟಿಪ್ಪಣಿ ಮಾಡಿಕೊಂಡಾಗ ನಾನು ಇಬ್ಬರನ್ನೂ ಒಬ್ಬರೆಂದೇ ತಿಳಿದು, ಮಗಳ ಗೌರವಾರ್ಥ ಎಂದು ಬರೆದುಕೊಂಡಿದ್ದೆ. ಇಸವಿಯ ಪಕ್ಕದಲ್ಲಿ ವಯಸ್ಸನ್ನು ಬರೆಯುತ್ತ ಹೋದಾಗ ಆ ಮಗಳಿಗೆ ಆಗ ಆರೇ ವರ್ಷ ಎಂಬುದು ಗೊತ್ತಾಗಿ ತಪ್ಪು ಹೊರಬಿತ್ತು. ಅಂದಿನಿಂದ ಪ್ರತಿ ಇಸವಿಯ ಎದುರಿಗೂ ವಯಸ್ಸನ್ನು ಬರೆದುಕೊಳ್ಳುವುದನ್ನು ಬಿಟ್ಟಿಲ್ಲ. 1886ರಲ್ಲಿ ಗಂಡ ಕಟ್ಟಿಸಿದ ವಿಹಾರನೌಕೆಗೂ ‘ಆಲ್ವಾ’ ಎಂಬ ಹೆಸರೇ ಇತ್ತು. ಅದು 1892ರಲ್ಲಿ ಇನ್ನೊಂದು ಹಡಗು ಬಡಿದು ಮುಳುಗಿತು. ಆ ವರ್ಷದ ಸುದ್ದಿಯ ತಲೆಬರಹಗಳನ್ನು ಓದುವಾಗ ಇದು ನೆನಪಿನಲ್ಲಿರಲಿ.

ಕನ್ನಡದಲ್ಲಿ ಬರೆಯುವಾಗ ಸರ್ವನಾಮದ ಪ್ರಶ್ನೆಯೂ ಬರುತ್ತದೆ. ‘ಅವಳು’, ‘ಆಕೆ’, ‘ಅವರು’ ಎಂಬ ಮೂರರಲ್ಲಿ ಒಂದನ್ನು ಆರಿಸಿಕೊಂಡು ಕೊನೆಯವರೆಗೂ ಅದನ್ನೇ ಪಾಲಿಸಬೇಕು. ಕುಣಿತದ ಕೂಟದ ಭಾಗದಲ್ಲಿ ‘ಅವಳು’, ಹೋರಾಟದ ಭಾಗದಲ್ಲಿ ‘ಅವರು’ ಎಂದು ಬದಲಾಯಿಸಿದರೆ ಲೇಖಕರ ತೀರ್ಪು ಕ್ರಿಯಾಪದದಲ್ಲಿಯೇ ನುಸುಳಿಬಿಡುತ್ತದೆ. ಗಂಡಸರಿಗೆ ಬಹುವಚನ, ಹೆಂಗಸರಿಗೆ ಏಕವಚನ ಎಂಬ ಹಳೆಯ ಅಭ್ಯಾಸವನ್ನಂತೂ ಕೈಬಿಡಲೇಬೇಕು.

ಹಣದ ಮೂಲ, ಹಣದ ಲೆಕ್ಕ

ಆಲ್ವಾ ಅವರ ತಂದೆ ಮರ್ರಿ ಫೋರ್ಬ್ಸ್ ಸ್ಮಿತ್ ಹತ್ತಿಯ ವ್ಯಾಪಾರಿ. ಮೊಬೀಲ್‌ನ ಆ ಮನೆಯಲ್ಲಿ ಗುಲಾಮರು ದುಡಿಯುತ್ತಿದ್ದರು. ಇದನ್ನು ಬಾಲ್ಯದ ಪಾರಾದಲ್ಲಿ ಮರೆಮಾಚದೆ ಬರೆಯಬೇಕು. ಅಂತರ್ಯುದ್ಧದ ಕಾಲಕ್ಕೆ ಕುಟುಂಬ ನ್ಯೂಯಾರ್ಕಿನಲ್ಲೂ ಆಮೇಲೆ ಪ್ಯಾರಿಸ್ಸಿನಲ್ಲೂ ಇತ್ತು, ತಂದೆಯ ವ್ಯವಹಾರ ಕುಸಿಯುತ್ತ ಬಂತು, ಮಗಳ ಮದುವೆಯ ಹೊತ್ತಿಗೆ ಮನೆಯ ಸ್ಥಿತಿ ಬಿಗಿಯಾಗಿತ್ತು. ವ್ಯಾಂಡರ್‌ಬಿಲ್ಟ್ ಮನೆತನದ ಹಣ ಬಂದದ್ದು ಉಗಿಹಡಗು ಮತ್ತು ರೈಲುಮಾರ್ಗಗಳಿಂದ. 1877ರಲ್ಲಿ ತೀರಿಕೊಂಡ ಕಾರ್ನೀಲಿಯಸ್ ಬಿಟ್ಟುಹೋದದ್ದು ಸುಮಾರು 10 ಕೋಟಿ ಡಾಲರ್. ಮಗ ವಿಲಿಯಂ ಹೆನ್ರಿ 1885ರಲ್ಲಿ ಸಾಯುವ ಹೊತ್ತಿಗೆ ಅದು ಸುಮಾರು ಇಮ್ಮಡಿಯಾಗಿತ್ತು.

ಇಲ್ಲಿ ಲೆಕ್ಕದ ತಪ್ಪುಗಳು ಬಹಳ ಸುಲಭವಾಗಿ ಆಗುತ್ತವೆ. ಒಂದು ಮಿಲಿಯನ್ ಎಂದರೆ ಹತ್ತು ಲಕ್ಷ. ಹನ್ನೊಂದು ಮಿಲಿಯನ್ ಎಂದರೆ 1 ಕೋಟಿ 10 ಲಕ್ಷ. ಸೊನ್ನೆಗಳನ್ನು ಎಣಿಸಿ, ಮತ್ತೊಮ್ಮೆ ಎಣಿಸಿ. ಇಂದಿನ ವಿನಿಮಯ ದರದಲ್ಲಿ ರೂಪಾಯಿಗೆ ಪರಿವರ್ತಿಸಿ ಬರೆಯುವುದು ಬೇಡ. ಒಂದೂವರೆ ಶತಮಾನದ ಹಿಂದಿನ ಡಾಲರಿಗೆ ಇಂದಿನ ದರ ಹಾಕಿದರೆ ಬರುವ ಅಂಕಿಗೆ ಅರ್ಥವಿಲ್ಲ. ಅದೇ ಬದುಕಿನೊಳಗಿನ ಇನ್ನೊಂದು ಅಂಕಿಯ ಜೊತೆ ಹೋಲಿಸುವುದು ಹೆಚ್ಚು ಪ್ರಾಮಾಣಿಕ. ರೋಡ್ ಐಲೆಂಡಿನ ನ್ಯೂಪೋರ್ಟ್‌ನಲ್ಲಿ 1888ರಿಂದ 1892ರವರೆಗೆ ಕಟ್ಟಿದ ಮಾರ್ಬಲ್ ಹೌಸ್‌ಗೆ ತಗುಲಿದ ವೆಚ್ಚ 1 ಕೋಟಿ 10 ಲಕ್ಷ ಡಾಲರ್ ಎಂದು ದಾಖಲೆಯಿದೆ, ಅದರಲ್ಲಿ 70 ಲಕ್ಷ ಡಾಲರ್ 5 ಲಕ್ಷ ಘನ ಅಡಿ ಅಮೃತಶಿಲೆಗೇ ಹೋಯಿತು. ಮೂರು ವರ್ಷಗಳ ಬಳಿಕ ಮಗಳ ಮದುವೆಯಲ್ಲಿ ಮಾರ್ಲ್‌ಬರೊ ಡ್ಯೂಕ್‌ಗೆ ಬರೆದುಕೊಟ್ಟ ರೈಲ್ವೆ ಷೇರುಗಳ ಬೆಲೆ 25 ಲಕ್ಷ ಡಾಲರ್. ಮನೆಗೆ ಸುರಿದ ಹಣ ಡ್ಯೂಕ್‌ಗೆ ಕೊಟ್ಟ ಹಣದ ನಾಲ್ಕು ಪಟ್ಟಿಗೂ ಮಿಕ್ಕಿತ್ತು ಎಂದು ಬರೆದರೆ ಓದುಗರಿಗೆ ಎರಡೂ ಅಂಕಿಗಳ ತೂಕ ತಿಳಿಯುತ್ತದೆ.

ಟಿಪ್ಪಣಿ ಪುಸ್ತಕದಲ್ಲಿ ಇಸವಿ, ವಯಸ್ಸು, ಘಟನೆಗಳ ಜೊತೆಗೆ ಇನ್ನೆರಡು ಅಂಕಣಗಳನ್ನು ಎಳೆದುಕೊಳ್ಳಿ: ಹಣ ಯಾರದು, ತೀರ್ಮಾನ ಯಾರದು. ಮಾರ್ಬಲ್ ಹೌಸ್‌ನ ಸಾಲಿನಲ್ಲಿ ಹಣ ಗಂಡನದು, ತೀರ್ಮಾನ ಆಲ್ವಾ ಅವರದು. ವಾಸ್ತುಶಿಲ್ಪಿ ರಿಚರ್ಡ್ ಮೋರಿಸ್ ಹಂಟ್ ಅವರ ಜೊತೆ ಕೂತು ನಕ್ಷೆಯ ಚರ್ಚೆ ಮಾಡಿದವರು ಅವರೇ. ಮನೆ ಮುಗಿದ ಮೇಲೆ ಅದು ಹುಟ್ಟುಹಬ್ಬದ ಉಡುಗೊರೆಯಾಗಿ ಅವರ ಸ್ವಂತ ಆಸ್ತಿಯಾಯಿತು, 1895ರ ವಿಚ್ಛೇದನದ ಬಳಿಕವೂ ಅವರ ಬಳಿಯೇ ಉಳಿಯಿತು. ಕಟ್ಟಿ ಮುಗಿದ ಹದಿನೇಳು ವರ್ಷಗಳ ನಂತರ ಆ ಅಮೃತಶಿಲೆಯ ಮನೆಯ ಬಾಗಿಲನ್ನು ಮತದಾನದ ಚಳವಳಿಗೆ ತೆರೆಯಲು ಅವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿ ಬರಲಿಲ್ಲವೆಂಬ ಸಂಗತಿ ಈ ಎರಡು ಅಂಕಣಗಳಿಲ್ಲದೆ ನನಗೆ ಹೊಳೆಯುತ್ತಿರಲಿಲ್ಲ.

ನೃತ್ಯಕೂಟವನ್ನು ಕೆಲಸವೆಂದು ಬರೆಯುವುದು

1883ರ ಮಾರ್ಚ್ 26ರ ರಾತ್ರಿ ನ್ಯೂಯಾರ್ಕಿನ 660, ಫಿಫ್ತ್ ಅವೆನ್ಯೂ ಮನೆಯಲ್ಲಿ ನಡೆದ ವೇಷಭೂಷಣದ ನೃತ್ಯಕೂಟಕ್ಕೆ ಸಾವಿರಕ್ಕೂ ಹೆಚ್ಚು ಅತಿಥಿಗಳು ಬಂದರು. ಇದಕ್ಕೆ ಒಂದಿಷ್ಟು ಜಾಗ ಕೊಡಬೇಕು, ಏಕೆಂದರೆ ಆಲ್ವಾ ಅವರ ವೃತ್ತಿಯೆಂದು ಕರೆಯಬಹುದಾದದ್ದು ಆರಂಭವಾದದ್ದೇ ಇಲ್ಲಿ. ನ್ಯೂಯಾರ್ಕಿನ ಹಳೆಯ ಸಿರಿವಂತರ ವಲಯಕ್ಕೆ ಆಗ ಕ್ಯಾರೊಲಿನ್ ಆಸ್ಟರ್ ಹಿರಿಯ ಯಜಮಾನಿ. ರೈಲಿನ ಹಣದ ವ್ಯಾಂಡರ್‌ಬಿಲ್ಟರು ಆ ವಲಯಕ್ಕೆ ಹೊಸಬರು. ಹೊಸಬರಿಗೆ ಸಂಗೀತಮಂದಿರದಲ್ಲಿ ಬಾಕ್ಸ್ ಸಹ ಸಿಗುತ್ತಿರಲಿಲ್ಲ. ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಜಾಗ ದೊರೆಯದ ಸಿರಿವಂತರು ಸೇರಿ ಕಟ್ಟಿಸಿದ ಮೆಟ್ರೊಪಾಲಿಟನ್ ಒಪೆರಾ ಅದೇ 1883ರ ಅಕ್ಟೋಬರಿನಲ್ಲಿ ಬಾಗಿಲು ತೆರೆಯಿತು. ಈ ಹಿನ್ನೆಲೆಯನ್ನು ಎರಡು ವಾಕ್ಯಗಳಲ್ಲಿ ಕೊಡದಿದ್ದರೆ ಕೂಟ ಬರಿಯ ದುಂದುವೆಚ್ಚವಾಗಿ ತೋರುತ್ತದೆ.

ಈ ಕೂಟದ ಬಗ್ಗೆ ಎಲ್ಲೆಡೆ ಹೇಳುವ ಕತೆಯೊಂದಿದೆ. ಆಸ್ಟರ್ ಅವರ ಮಗಳು ಗೆಳತಿಯರೊಡನೆ ಕುಣಿತದ ಅಭ್ಯಾಸ ನಡೆಸಿದ್ದಳಂತೆ. ಆಕೆಯ ತಾಯಿ ತಮ್ಮ ಮನೆಗೆ ಒಮ್ಮೆಯೂ ಭೇಟಿ ಕೊಟ್ಟಿಲ್ಲವಾದ್ದರಿಂದ ಕರೆಯಲು ಬರುವುದಿಲ್ಲವೆಂದು ಆಲ್ವಾ ತಿಳಿಸಿದರಂತೆ. ಕೊನೆಗೆ ಆಸ್ಟರ್ ಅವರ ಭೇಟಿಚೀಟಿ ವ್ಯಾಂಡರ್‌ಬಿಲ್ಟ್ ಮನೆಯ ಬಾಗಿಲಿಗೆ ಬಂತಂತೆ. ನಮ್ಮ ಭಾಷೆಯಲ್ಲಿ ಇಂಥ ಸಂಗತಿಗಳಿಗೆಂದೇ ‘ಅಂತೆ’ ಎಂಬ ಸೊಗಸಾದ ಪ್ರತ್ಯಯವಿದೆ. ಆಸ್ಟರ್ ಮತ್ತು ಅವರ ಮಗಳು ಕೂಟಕ್ಕೆ ಬಂದದ್ದು ನಿಶ್ಚಿತ, ಅದನ್ನು ‘ಬಂದರು’ ಎಂದು ಬರೆಯಿರಿ. ಚೀಟಿಯ ಹಿಂದಿನ ಮಾತುಕತೆಯನ್ನು ‘ಅಂತೆ’ ಹಚ್ಚಿ ಬರೆಯಿರಿ. ಔಪಚಾರಿಕ ಬರಹಕ್ಕೆ ‘ಎಂದು ಹೇಳಲಾಗುತ್ತದೆ’ ಎಂಬುದೇ ತಕ್ಕದ್ದೆನಿಸಿದರೆ ಹಾಗೆಯೂ ಆಗಬಹುದು, ಆದರೆ ಎರಡನ್ನೂ ಬಿಟ್ಟು ಕತೆಯನ್ನು ಇತಿಹಾಸದಂತೆ ಹೇಳಬಾರದು.

ಉಡುಪುಗಳ ವರ್ಣನೆಯನ್ನು ಪೂರ್ತಿ ಬಿಡಬೇಕಾಗಿಲ್ಲ, ಮಾತನಾಡುವ ಉಡುಪನ್ನು ಆರಿಸಿಕೊಳ್ಳಬೇಕು, ಅಷ್ಟೆ. ಆ ರಾತ್ರಿ ಆಲ್ವಾ ವೆನಿಸ್ಸಿನ ರಾಜಕುಮಾರಿಯ ವೇಷದಲ್ಲಿದ್ದರು. ಅವರ ಓರಗಿತ್ತಿ ಆಲಿಸ್ ‘ವಿದ್ಯುದ್ದೀಪ’ವಾಗಿ ಬಂದರು: ಪ್ಯಾರಿಸ್ಸಿನ ಹೆಸರಾಂತ ಉಡುಪು ವಿನ್ಯಾಸಕ ವರ್ತ್ ಅವರ ಅಂಗಡಿಯಲ್ಲಿ ಹೊಲಿಸಿದ, ಮಿಂಚಿನ ಗೆರೆಗಳಂತೆ ಬೆಳ್ಳಿ-ಬಂಗಾರದ ಎಳೆಗಳು ಹೊಳೆಯುವ ಗೌನು, ಎತ್ತಿದ ಕೈಯಲ್ಲಿ ಒಂದು ದೀಪ. ಎಡಿಸನ್ ಅವರ ವಿದ್ಯುತ್ ಕೇಂದ್ರ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್‌ನಲ್ಲಿ ಕೆಲಸ ಆರಂಭಿಸಿ ಆಗ ಏಳು ತಿಂಗಳೂ ತುಂಬಿರಲಿಲ್ಲ. ಆ ಗೌನು ಇಂದಿಗೂ ಮ್ಯೂಸಿಯಂ ಆಫ್ ದ ಸಿಟಿ ಆಫ್ ನ್ಯೂಯಾರ್ಕ್‌ನಲ್ಲಿದೆ. ಹತ್ತು ಒಡವೆಗಳ ಪಟ್ಟಿಗಿಂತ ಈ ಒಂದು ಗೌನು ಆ ಕಾಲವನ್ನು ಚೆನ್ನಾಗಿ ತೋರಿಸುತ್ತದೆ.

ಮಗಳ ಮದುವೆ

ಬರೆಯಲು ಅತ್ಯಂತ ಕಷ್ಟವಾದ ಭಾಗ ಇದು, ಹಾಗಾಗಿ ಇಲ್ಲಿ ನಿಧಾನಿಸಬೇಕು. 1893ರ ಕೊನೆಯಲ್ಲಿ ವ್ಯಾಂಡರ್‌ಬಿಲ್ಟ್ ಕುಟುಂಬ ‘ವ್ಯಾಲಿಯಂಟ್’ ಎಂಬ ನೌಕೆಯಲ್ಲಿ ಭಾರತಕ್ಕೆ ಹೊರಟಿತು. ಬೊಂಬಾಯಿಯಲ್ಲಿ ಇಳಿದು, ರೈಲಿನಲ್ಲಿ ಕಲ್ಕತ್ತಾ ತಲುಪಿ, ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಅವರ ಅತಿಥಿಗಳಾಗಿ ಆಲ್ವಾ ಮತ್ತು ಮಗಳು ಸರ್ಕಾರಿ ಭವನದಲ್ಲಿ ತಂಗಿದರು. ಲೇಡಿ ಲ್ಯಾನ್ಸ್‌ಡೌನ್ ಒಂಬತ್ತನೆಯ ಮಾರ್ಲ್‌ಬರೊ ಡ್ಯೂಕ್‌ನ ಚಿಕ್ಕಮ್ಮ, ಅಂದರೆ ತಾಯಿಯ ತಂಗಿ. ಮಗಳಿಗೆ ಇಂಗ್ಲೆಂಡಿನ ಗಂಡನ್ನು ತರುವ ಆಲೋಚನೆ ತಾಯಿಯ ಮನಸ್ಸಿನಲ್ಲಿ ಬೇರುಬಿಟ್ಟದ್ದು ಕಲ್ಕತ್ತಾದಲ್ಲಿ ಎಂದು ಮಗಳೇ ಮುಂದೆ ನಂಬಿದ್ದರು. ಆಲ್ವಾ-ವಿಲಿಯಂ ದಾಂಪತ್ಯ ಮುರಿದು ಬಿದ್ದದ್ದೂ ಅದೇ ಪ್ರವಾಸದಲ್ಲಿ. ಭಾರತದ ಓದುಗರಿಗೆ ಈ ಪ್ರವಾಸ ಹತ್ತಿರದ್ದಾದ್ದರಿಂದ ಅದಕ್ಕೊಂದು ಪಾರಾ ಮೀಸಲಿಡಬಹುದು.

1895ರ ಮಾರ್ಚ್‌ನಲ್ಲಿ ಆಲ್ವಾ ವಿಚ್ಛೇದನ ಪಡೆದರು. ಅವರ ವಲಯದ ಹೆಂಗಸರು ಗಂಡನ ನಡತೆಯನ್ನು ಮೌನವಾಗಿ ಸಹಿಸಿಕೊಳ್ಳುತ್ತಿದ್ದ ಕಾಲದಲ್ಲಿ ಅದು ದೊಡ್ಡ ಹೆಜ್ಜೆ. ಅದೇ ವರ್ಷದ ನವೆಂಬರ್ 6ರಂದು ಹದಿನೆಂಟರ ಕಾನ್ಸ್ವೇಲೊಗೆ ಇಷ್ಟವಿಲ್ಲದ ಮದುವೆ ಮಾಡಿಸಿದರು. ಹುಡುಗಿಯ ಮನಸ್ಸು ವಿಂತ್ರಪ್ ರದರ್‌ಫರ್ಡ್ ಎಂಬ ನ್ಯೂಯಾರ್ಕಿನ ತರುಣನ ಮೇಲಿತ್ತು. ತನ್ನ ಬಿಡುಗಡೆಯನ್ನು ತಾನೇ ಗಳಿಸಿಕೊಂಡ ತಾಯಿ ಮಗಳ ಆಯ್ಕೆಯನ್ನು ಕಿತ್ತುಕೊಂಡದ್ದು ಒಂದೇ ವರ್ಷದಲ್ಲಿ ನಡೆದ ಎರಡು ಸತ್ಯಗಳು. ಒಂದನ್ನು ಹೇಳಿ ಇನ್ನೊಂದನ್ನು ಅಡಿಯಲ್ಲಿ ಸಣ್ಣದಾಗಿ ಬರೆಯಬಾರದು, ಅಕ್ಕಪಕ್ಕದಲ್ಲಿಯೇ ಇಟ್ಟುಬಿಡಬೇಕು.

ಆಧಾರಗಳ ದಿನಾಂಕವನ್ನು ಇಲ್ಲಿ ವಿಶೇಷವಾಗಿ ಗಮನಿಸಿ. 1906ರಲ್ಲಿ ಕಾನ್ಸ್ವೇಲೊ ಮತ್ತು ಡ್ಯೂಕ್ ಬೇರೆಯಾದರು, 1921ರಲ್ಲಿ ವಿಚ್ಛೇದನವಾಯಿತು, 1926ರಲ್ಲಿ ಕ್ಯಾಥೊಲಿಕ್ ಧರ್ಮಸಭೆ ಆ ಮದುವೆಯನ್ನೇ ಅಸಿಂಧುವೆಂದು ಸಾರಿತು. ಆ ವಿಚಾರಣೆಯಲ್ಲಿ, ಮಗಳನ್ನು ತಾನೇ ಬಲವಂತಪಡಿಸಿದ್ದಾಗಿ ಆಲ್ವಾ ಸಾಕ್ಷ್ಯ ನುಡಿದರು. ಬಲವಂತ ಸಾಬೀತಾದರೆ ಮಾತ್ರ ಮಗಳಿಗೆ ಬಿಡುಗಡೆ ಎಂಬ ಸಂದರ್ಭದಲ್ಲಿ ಬಂದ ಮಾತು ಅದು ಎಂಬುದನ್ನೂ ಸೇರಿಸಬೇಕು. ಕಾನ್ಸ್ವೇಲೊ ಅವರ ಆತ್ಮಕಥೆ ಅಚ್ಚಾದದ್ದು 1952ರಲ್ಲಿ. ತಾಯಿ ತೀರಿಹೋಗಿ ಹತ್ತೊಂಬತ್ತು ವರ್ಷಗಳಾಗಿದ್ದವು, ಉತ್ತರ ಕೊಡಲು ಅವರಿರಲಿಲ್ಲ. ಆಲ್ವಾ ತಾವೂ ನೆನಪುಗಳನ್ನು ಹೇಳಿ ಬರೆಸಿದ್ದರು, ಆದರೆ ಅವರ ಜೀವಿತಕಾಲದಲ್ಲಿ ಅವು ಅಚ್ಚಾಗಲಿಲ್ಲ. ತಾಯಿ-ಮಗಳು ಮುಂದೆ ರಾಜಿಯಾದರೆಂಬುದಕ್ಕೆ ಒಂದು ಒಳ್ಳೆಯ ಪುರಾವೆಯಿದೆ, ಅದು ಮುಂದೆ ಬರುತ್ತದೆ.

ಚಳವಳಿಯ ವರ್ಷಗಳು

1908ರಲ್ಲಿ ಎರಡನೆಯ ಗಂಡ ಆಲಿವರ್ ಬೆಲ್ಮಾಂಟ್ ತೀರಿಕೊಂಡರು. ಮರುವರ್ಷವೇ ಆಲ್ವಾ ‘ಪೊಲಿಟಿಕಲ್ ಈಕ್ವಾಲಿಟಿ ಅಸೋಸಿಯೇಷನ್’ ಕಟ್ಟಿದರು, ರಾಷ್ಟ್ರೀಯ ಮತದಾನ ಸಂಘಟನೆಯ ಕಚೇರಿ ಒಹಾಯೊ ರಾಜ್ಯದ ಸಣ್ಣ ಊರಿನಿಂದ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂಗೆ ಬರಲು ಬಾಡಿಗೆ ಕೊಟ್ಟರು, ಆಗಸ್ಟಿನಲ್ಲಿ ಮಾರ್ಬಲ್ ಹೌಸ್‌ನಲ್ಲಿ ಟಿಕೆಟ್ ಇಟ್ಟು ಭಾಷಣಗಳನ್ನು ಏರ್ಪಡಿಸಿದರು. ಆ ಮನೆಯ ಒಳಗನ್ನು ನೋಡುವ ಆಸೆಯಿಂದ ಬಂದವರು ಮತದಾನದ ಮಾತನ್ನೂ ಕೇಳಿ ಹೋದರು. ಜನರ ಕುತೂಹಲವನ್ನು ಹೇಗೆ ದುಡಿಸಿಕೊಳ್ಳಬೇಕೆಂಬುದನ್ನು ಅವರು 1883ರಲ್ಲಿಯೇ ಕಲಿತಿದ್ದರು.

1909ರ ನವೆಂಬರಿನಲ್ಲಿ ನ್ಯೂಯಾರ್ಕಿನ ಸಿದ್ಧ ಉಡುಪು ಕಾರ್ಖಾನೆಗಳ ಸುಮಾರು ಇಪ್ಪತ್ತು ಸಾವಿರ ಕೆಲಸಗಾರರು, ಹೆಚ್ಚಿನವರು ವಲಸೆ ಬಂದ ಹುಡುಗಿಯರು, ಮುಷ್ಕರ ಹೂಡಿದರು. ಡಿಸೆಂಬರ್ 5ರಂದು ಆಲ್ವಾ ಹಿಪೊಡ್ರೋಮ್ ಎಂಬ ಬೃಹತ್ ರಂಗಮಂದಿರವನ್ನು ಬಾಡಿಗೆಗೆ ಹಿಡಿದು ಅವರಿಗಾಗಿ ಸಭೆ ನಡೆಸಿದರು. ಜೆಫರ್ಸನ್ ಮಾರ್ಕೆಟ್ ರಾತ್ರಿ ನ್ಯಾಯಾಲಯದಲ್ಲಿ ಗಂಟೆಗಟ್ಟಲೆ ಕೂತು, ಬಂಧಿತ ಹುಡುಗಿಯರ ಜಾಮೀನಿಗೆ ಮ್ಯಾಡಿಸನ್ ಅವೆನ್ಯೂದ ತಮ್ಮ ಮನೆಯನ್ನೇ ಒಡ್ಡಿದರು. ಈ ದೃಶ್ಯವನ್ನು ಹತ್ತಿರದಿಂದ ಬರೆಯಿರಿ: ನಡುರಾತ್ರಿ ದಾಟಿದ ನ್ಯಾಯಾಲಯ, ಬೆಂಚಿನ ಮೇಲೆ ಐವತ್ತಾರು ವರ್ಷದ ಸಿರಿವಂತೆ, ಕಟಕಟೆಯಲ್ಲಿ ಅವರ ಮಗಳಿಗಿಂತ ಚಿಕ್ಕ ವಯಸ್ಸಿನ ಹುಡುಗಿಯರು. ಸಿರಿವಂತ ಹೆಂಗಸರ ಈ ನೆರವಿನ ಬಗ್ಗೆ ಕಾರ್ಮಿಕ ಸಂಘಟಕಿಯರಲ್ಲಿ ಕೆಲವರಿಗೆ ಗುಮಾನಿ ಇತ್ತೆಂಬುದನ್ನೂ ಬರೆಯಿರಿ. 1910ರಲ್ಲಿ ಹಾರ್ಲೆಮ್‌ನ ಕಪ್ಪು ಮಹಿಳೆಯರನ್ನು ಆಹ್ವಾನಿಸಿ ತಮ್ಮ ಸಂಘದ ಶಾಖೆ ತೆರೆದ ಆಲ್ವಾ, 1921ರಲ್ಲಿ ಅಧ್ಯಕ್ಷೆಯಾದ, ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡಿದ ನ್ಯಾಷನಲ್ ವುಮನ್ಸ್ ಪಾರ್ಟಿಯೇ ದಕ್ಷಿಣದ ಕಪ್ಪು ಮಹಿಳೆಯರಿಗೆ ಮತ ತಪ್ಪಿಸುತ್ತಿದ್ದ ಅನ್ಯಾಯವನ್ನು ತನ್ನ ಹೋರಾಟವಾಗಿ ಎತ್ತಿಕೊಳ್ಳಲಿಲ್ಲ. ಇದು ಅವರ ಹೊಗಳಿಕೆಗೆ ಕುಂದು ತರುತ್ತದೆಂದು ಬಿಡುವಂತಿಲ್ಲ.

ಆ ಪಕ್ಷವನ್ನು ಮುನ್ನಡೆಸಿದ ಆಲಿಸ್ ಪಾಲ್ ಅವರೊಡನೆ ಆಲ್ವಾ ಸೇರಿದ ನಂತರದ ಕತೆ ಚಳವಳಿಯ ಇತಿಹಾಸದಲ್ಲಿ ವಿವರವಾಗಿ ಸಿಗುವುದರಿಂದ ಇಲ್ಲಿ ಚುಟುಕಾಗಿ ಸಾಗಬಹುದು: 1917ರ ಜನವರಿಯಿಂದ ಶ್ವೇತಭವನದ ಮುಂದೆ ಮೌನ ಪಹರೆಯ ಪ್ರತಿಭಟನೆ, 1920ರ ಆಗಸ್ಟಿನಲ್ಲಿ ಹೆಂಗಸರಿಗೆ ಮತದ ಹಕ್ಕು ಕೊಟ್ಟ, ಸಂವಿಧಾನದ 19ನೆಯ ತಿದ್ದುಪಡಿ. ವಾಷಿಂಗ್ಟನ್ನಿನಲ್ಲಿ ಪಕ್ಷಕ್ಕಾಗಿ ಆಲ್ವಾ ಹಣ ಕೊಟ್ಟು ಕೊಂಡ ಹಳೆಯ ಕಟ್ಟಡವನ್ನು ಸರ್ಕಾರ ಸುಪ್ರೀಂ ಕೋರ್ಟಿಗಾಗಿ ವಶಪಡಿಸಿಕೊಂಡಾಗ, 1929ರಲ್ಲಿ ಇನ್ನೊಂದು ಮನೆ ಪಕ್ಷದ ಕಚೇರಿಯಾಯಿತು. ಅದೇ ಇಂದಿನ ಬೆಲ್ಮಾಂಟ್-ಪಾಲ್ ರಾಷ್ಟ್ರೀಯ ಸ್ಮಾರಕ, 2016ರಲ್ಲಿ ಘೋಷಣೆಯಾದದ್ದು. 1933ರಲ್ಲಿ ಅವರ ಶವಪೆಟ್ಟಿಗೆಗೆ ಹೆಗಲು ಕೊಡುವ ಗೌರವದ ಸಾಲಿನಲ್ಲಿ ನಿಂತವರೆಲ್ಲ ಹೆಂಗಸರು. ನ್ಯೂಯಾರ್ಕಿನ ವುಡ್‌ಲಾನ್ ಸ್ಮಶಾನದಲ್ಲಿ ಎರಡನೆಯ ಗಂಡನ ಪಕ್ಕದಲ್ಲಿ ಅವರ ಸಮಾಧಿಯಿದೆ.

ಚಿತ್ರಗಳನ್ನು ಆರಿಸುವಾಗ

ಅಮೆರಿಕದಲ್ಲಿ ಪ್ರಕಟವಾಗಿ 95 ವರ್ಷ ಕಳೆದ ಚಿತ್ರಗಳ ಹಕ್ಕುಸ್ವಾಮ್ಯ ಅಲ್ಲಿ ಮುಗಿದಿರುವುದರಿಂದ ಆಲ್ವಾ ಅವರ ಚಿತ್ರಗಳು ಸುಲಭವಾಗಿ ದೊರೆಯುತ್ತವೆ, ಆದರೆ ಪ್ರತಿ ಚಿತ್ರದ ಪ್ರಕಟಣೆಯ ವರ್ಷವನ್ನು ನೋಡಿಯೇ ಬಳಸಬೇಕು. ವೆನಿಸ್ಸಿನ ರಾಜಕುಮಾರಿಯಾಗಿ ಪಾರಿವಾಳಗಳ ನಡುವೆ ನಿಂತ 1883ರ ಛಾಯಾಚಿತ್ರವನ್ನು ಎಲ್ಲರೂ ಬಳಸುತ್ತಾರೆ, ನೀವೂ ಬಳಸಬಹುದು. ಅದರ ಜೊತೆಗೆ ಒಂದು ತಟ್ಟೆಯ ಚಿತ್ರವನ್ನೂ ಹುಡುಕಿ. 1914ರ ಜುಲೈನಲ್ಲಿ ಮಾರ್ಬಲ್ ಹೌಸ್‌ನ ಹಿಂಬದಿಯ ಹುಲ್ಲುಹಾಸಿನಲ್ಲಿ ಆಲ್ವಾ ಮಹಿಳಾ ಸಮ್ಮೇಳನ ನಡೆಸಿದರು. ಬಂದವರಿಗೆ ಊಟೋಪಚಾರ ಕೊಟ್ಟದ್ದು ಇಂಗ್ಲೆಂಡಿನ ಜಾನ್ ಮ್ಯಾಡಾಕ್ ಕಾರ್ಖಾನೆಯಲ್ಲಿ ಮಾಡಿಸಿದ ಬಿಳಿಯ ಪಿಂಗಾಣಿಯಲ್ಲಿ, ಅದರ ಮೇಲೆ ನೀಲಿಯಲ್ಲಿ ‘ವೋಟ್ಸ್ ಫಾರ್ ವಿಮೆನ್’ ಎಂಬ ಮೂರೇ ಪದ. ಆ ಸಮ್ಮೇಳನಕ್ಕೆ ಇಂಗ್ಲೆಂಡಿನಿಂದ ಬಂದು ಭಾಷಣ ಮಾಡಿದ ಮುಖ್ಯ ಅತಿಥಿ ಮಾರ್ಲ್‌ಬರೊ ಡಚೆಸ್, ಹತ್ತೊಂಬತ್ತು ವರ್ಷಗಳ ಹಿಂದೆ ಮನಸ್ಸಿಲ್ಲದೆ ಮದುವೆಯಾಗಿದ್ದ ಮಗಳು ಕಾನ್ಸ್ವೇಲೊ. ತಟ್ಟೆಯ ಅಡಿಬರಹದಲ್ಲಿ ಇಸವಿಯ ಜೊತೆ ಆ ಹೆಸರನ್ನೂ ಬರೆಯಿರಿ.